ನಕಾಶೆಯಲ್ಲಿ ಖಾಲಿಯಾಗಿದ್ದ ಮೈದಾನ

ಮುಂಬಯಿಯ ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್ ಮುಗಿದು ಜೋಪಡಿಗಳ ಸಾಲು ಶುರುವಾಗುವ ಕಡೆ ಒಂದು ಮೈದಾನವಿತ್ತು. ಅದರ ಮೂಲೆಯಲ್ಲಿ ಒಂದು ದೊಡ್ಡ ಆಲದ ಮರ. ಬೆಳಿಗ್ಗೆ ಆ ದಾರಿಯಲ್ಲಿ ಸ್ಟೇಷನ್ನಿಗೆ ಹೋಗುವವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಕೊಂಬೆಗಳಿಗೆ ಕಟ್ಟಿದ ಹಳೇ ಸೀರೆಗಳು. ಒಂದೊಂದು ಸೀರೆಯ ಜೋಲಿಯಲ್ಲಿ ಒಂದೊಂದು ಕೂಸು ಮಲಗಿರುತ್ತಿತ್ತು. ಕೆಳಗೆ ಗೋಣಿತಾಟಿನ ಮೇಲೆ ಸುಂದ್ರವ್ವ ಕಾಲು ಚಾಚಿ ಕೂತು, ಒಂದು ಜೋಲಿಯ ಹಗ್ಗವನ್ನು ಹೆಬ್ಬೆರಳಿಗೆ ಸಿಕ್ಕಿಸಿ ತೂಗುತ್ತ, ಕೈಯಲ್ಲಿ ಇನ್ನೊಂದು ಮಗುವಿಗೆ ಗಂಜಿ ಕುಡಿಸುತ್ತ, ದೂರ ಹೋದ ಮತ್ತೊಂದನ್ನು ಗದರುತ್ತ ಇರುತ್ತಿದ್ದಳು.

ಸುಂದ್ರವ್ವ ಸಿಂದಗಿ ಕಡೆಯವಳು. ಮದುವೆಯಾದ ವರ್ಷವೇ ಗಂಡ ಭೀಮರಾಯನ ಜೊತೆ ಮುಂಬಯಿಗೆ ಬಂದು ಕಟ್ಟಡದ ಕೆಲಸಕ್ಕೆ ಸೇರಿದ್ದಳು. ಮಲಾಡಿನಲ್ಲಿ ಒಂದು ಬಿಲ್ಡಿಂಗ್ ಏಳುತ್ತಿದ್ದಾಗ ತಲೆಯ ಮೇಲೆ ಗಾರೆಯ ಬುಟ್ಟಿ ಹೊತ್ತು ಹಲಗೆ ಹತ್ತುವಾಗ ಕಾಲು ಜಾರಿ ಬಿದ್ದಳು. ಸೊಂಟದ ಮೂಳೆ ಕೂಡಿತು, ಆದರೆ ಮೊದಲಿನ ಹಾಗೆ ಕೂಡಲಿಲ್ಲ. ನಡೆಯಬಹುದಿತ್ತು, ಭಾರ ಹೊರುವಂತಿರಲಿಲ್ಲ. ಕೆಲಸವಿಲ್ಲದೆ ಜೋಪಡಿಯ ಬಾಗಿಲಲ್ಲಿ ಕೂತ ಆ ದಿನಗಳಲ್ಲಿ ಸದಾ ಬೈಯುವ ಅವಳ ಬಾಯಿ ಯಾರಿಗೂ ಬೇಡವಾಗಿತ್ತು. ಭೀಮರಾಯ ಸಂಜೆ ನೇರವಾಗಿ ಮನೆಗೆ ಬರುವುದನ್ನೇ ಬಿಟ್ಟಿದ್ದ.

ಒಂದು ಬೆಳಿಗ್ಗೆ ಪಕ್ಕದ ಜೋಪಡಿಯ ಇಂದ್ರಾಬಾಯಿ ತನ್ನ ಕೂಸನ್ನು ತಂದು ಅವಳ ಮಡಿಲಿಗೆ ಹಾಕಿದಳು.

"ಹೆಂಗೂ ಮಂದೀನ ಬೈಕೋತ ಕುಂತಿರ್ತಿ. ಇದನ್ನೂ ಒಂದೀಟು ಬೈಕೋತ ನೋಡ್ಕೊ. ನಾ ಕೆಲಸಕ್ಕ ಹೊಂಟೆ."

ಅಲ್ಲಿಯವರೆಗೆ ಆ ಹೆಂಗಸರೆಲ್ಲ ಮಕ್ಕಳನ್ನು ಕೆಲಸದ ಜಾಗಕ್ಕೇ ಒಯ್ಯುತ್ತಿದ್ದರು. ಮರಳಿನ ಗುಡ್ಡೆಯ ಪಕ್ಕ ಕೂರಿಸಿ, ಅತ್ತಿತ್ತ ಹೋಗದಿರಲೆಂದು ಸೊಂಟಕ್ಕೆ ಹಗ್ಗ ಕಟ್ಟಿ ಕಂಬಕ್ಕೆ ಬಿಗಿಯುತ್ತಿದ್ದರು. ಇಂದ್ರಾಬಾಯಿಯ ಕೂಸು ಹೊಟ್ಟೆ ತುಂಬ ಉಂಡು ನೆರಳಲ್ಲಿ ಮಲಗುವುದನ್ನು ನೋಡಿ ಉಳಿದವರೂ ಬಂದರು. ಜೋಪಡಿಯಲ್ಲಿ ಜಾಗ ಸಾಲದೆ ಸುಂದ್ರವ್ವ ಆಲದ ಮರದ ಕೆಳಗೆ ಹೋದಳು. ಒಬ್ಬಳು ಜೋಳದ ಹಿಟ್ಟು ಕೊಟ್ಟರೆ ಇನ್ನೊಬ್ಬಳು ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಉಳಿದ ಸೊಪ್ಪು ತಂದು ಕೊಡುತ್ತಿದ್ದಳು. ಕೆಲಸ ಮಾಡುವ ಅಷ್ಟೂ ಹೆಂಗಸರು ಬೆಳಿಗ್ಗೆ ಅವಳನ್ನು 'ಅವ್ವಾ' ಎಂದು ಕರೆದೇ ಮುಂದೆ ಹೋಗುವಂತಾಯಿತು. ಅವಳ ಬಾಯಿ ಹಾಗೇ ಇತ್ತು, ಆದರೆ ಈಗ ಅದಕ್ಕೊಂದು ಕೆಲಸ ಸಿಕ್ಕಿತ್ತು.

ಮೈದಾನಕ್ಕೆ ಎದುರಿನ ಬಿಲ್ಡಿಂಗಿನಲ್ಲಿ ನಂಜುಂಡ ಎಂಬ ಮಂಡ್ಯ ಕಡೆಯವನು ಹೆಂಡತಿ ವಿಮಲಾ ಜೊತೆ ಇದ್ದ. ನಗರದ ಯೋಜನೆ ತಯಾರಿಸುವ ಕಚೇರಿಯಲ್ಲಿ ನಕಾಶೆ ಬರೆಯುವ ಕೆಲಸ ಅವನದು. ವಿಮಲಾ ತನ್ನ ಹಳೇ ಸೀರೆಗಳನ್ನು ಜೋಲಿಗೆ ಕೊಡುತ್ತಿದ್ದುದರಿಂದ ಅವರಿಗೂ ಸುಂದ್ರವ್ವನಿಗೂ ಮಾತು ಬೆಳೆದಿತ್ತು. ಎಂಬತ್ತೆರಡರ ಚಳಿಗಾಲದ ಒಂದು ಸಂಜೆ ನಂಜುಂಡ ಮರದ ಹತ್ತಿರ ನಿಂತು ತನ್ನ ಕೆಲಸದ ವಿಷಯ ತೆಗೆದ.

"ಇನ್ನು ಇಪ್ಪತ್ತು ವರ್ಷಕ್ಕೆ ಈ ಊರಲ್ಲಿ ಎಷ್ಟು ಜನ ಇರ್ತಾರೆ, ಅವರಿಗೆ ಎಷ್ಟು ಸ್ಕೂಲು, ಎಷ್ಟು ಆಸ್ಪತ್ರೆ, ಎಷ್ಟು ರೋಡು ಬೇಕಾಗುತ್ತೆ ಅಂತ ಈಗ್ಲೇ ಅಂದಾಜು ಮಾಡ್ತೀವಿ ಕಣಮ್ಮ. ಆಮೇಲೆ ಒಂದೊಂದಕ್ಕೂ ಜಾಗ ಎತ್ತಿಡ್ತೀವಿ."

"ಇಪ್ಪತ್ತು ವರ್ಷದ್ದು!" ಎಂದಳು ಸುಂದ್ರವ್ವ. "ನನ್ನ ಗಂಡಗ ನಾಳೀದು ಕೇಳಿದ್ರ ಹೇಳಂಗಿಲ್ಲ."

"ನಾಳಿ ಕೂಲಿ ಮಂದಿ ನಿಲ್ಲೂ ನಾಕಾದಾಗ ಕೆಲಸ ಸಿಕ್ರ ಹೇಳ್ತೀನಲ್ಲ," ಎಂದ, ಈಗೀಗ ಸಂಜೆ ಮರದ ಕೆಳಗೇ ಬಂದು ಕೂರುತ್ತಿದ್ದ ಭೀಮರಾಯ, ಬೀಡಿ ಹಚ್ಚುತ್ತ.

"ಅಂದ್ರ ಲಗ್ನದ ಅಡಿಗಿ ಇದ್ದಂಗ ಅನ್ರಿ," ಎಂದಳು ಸುಂದ್ರವ್ವ ನಂಜುಂಡನಿಗೆ. " ಎಷ್ಟು ಮಂದಿ ಉಣ್ಣಾಕ ಬರ್ತಾರಂತ ಮೊದಲ ಅಂದಾಜು ಹಿಡಿಬೇಕು."

"ಅದೇ, ಅದೇ. ಆದ್ರೆ ಇಲ್ಲಿ ಊಟಕ್ಕೆ ಬರೋರಲ್ಲಿ ಅರ್ಧ ಜನ ಇನ್ನೂ ಹುಟ್ಟೇ ಇಲ್ಲ." ನಂಜುಂಡನಿಗೆ ಉತ್ಸಾಹ ಬಂತು. "ಅದಕ್ಕೆ ಮೊದಲು ಸರ್ವೆ. ಯಾವ ಜಾಗದಲ್ಲಿ ಈಗ ಏನಿದೆ ಅಂತ ನೋಡ್ಕೊಂಡು ಬರ್ತಾರೆ. ಮನೆ ಇದ್ರೆ ನಕಾಶೆಲಿ ಒಂದು ಬಣ್ಣ, ಅಂಗಡಿಗೆ ಒಂದು, ಕಾರ್ಖಾನೆಗೆ ಒಂದು. ಸೋಮವಾರ ನಮ್ಮ ಕಡೆಗೇ ಬರ್ತಾರೆ. ನಮ್ಮ ಆಫೀಸಿನೋರು ನೋಡಮ್ಮ, ಸ್ವಲ್ಪ ನೀಟಾಗಿರ್ಲಿ."

ಕೊನೆಯ ಆ ಮಾತನ್ನು ಅವನು ಆಡಬಾರದಿತ್ತು.

ಭಾನುವಾರ ಸಂಜೆ ಜೋಪಡಿಯ ಹೆಂಗಸರೆಲ್ಲ ಮೈದಾನಕ್ಕಿಳಿದರು. ಊರಲ್ಲಿ ಬೀಗರು ಬರುವ ಹಿಂದಿನ ದಿನ ಏನು ಮಾಡುತ್ತಾರೋ ಅದನ್ನೆಲ್ಲ ಮಾಡಿದರು. ಕಸ ಗುಡಿಸಿದರು. ಎಮ್ಮೆ ಕಟ್ಟುವ ತಬೇಲಾದಿಂದ ಸಗಣಿ ತಂದು ನೀರಲ್ಲಿ ಕದಡಿ ಮರದ ಸುತ್ತ ಸಾರಿಸಿದರು. ಗಂಜಿ ಕಾಯಿಸುವ ಒಲೆಯ ಕಲ್ಲುಗಳನ್ನು ಎತ್ತಿ ಮರೆಗಿಟ್ಟರು. ಜೋಲಿಗಳನ್ನು ಬಿಚ್ಚಿ ಮಡಿಸಿದರು. ಬೆಳಿಗ್ಗೆ ವಿಮಲಾ ಕೆಳಗಿಳಿದು ಬಂದು ತನ್ನೂರಿನ ದೊಡ್ಡ ರಂಗೋಲಿ ಹಾಕಿದಳು. ಸಾಹೇಬರ ಮುಂದೆ ಅತ್ತು ಮರ್ಯಾದೆ ಕಳೆಯಬಾರದೆಂದು ಮಕ್ಕಳನ್ನೆಲ್ಲ ಒಂದು ಜೋಪಡಿಯಲ್ಲಿ ಕೂಡಿಹಾಕಿ, ಬೆಲ್ಲ ಕೊಟ್ಟು ಸುಮ್ಮನಾಗಿಸಿದರು.

ನಕಾಶೆಯ ಹಲಗೆ ಹಿಡಿದು ಇಬ್ಬರು ಬಂದರು. ಮೈದಾನವನ್ನೊಮ್ಮೆ ನೋಡಿದರು. ಅವರಲ್ಲಿ ಹಿರಿಯವನು ಹಿಂದಿಯಲ್ಲಿ ಕೇಳಿದ: ಇಲ್ಲಿ ಯಾರಾದರೂ ಕೂರುತ್ತಾರೆಯೇ, ಏನಾದರೂ ಧಂದೆ ನಡೆಯುತ್ತದೆಯೇ?

ಧಂದೆ ಎಂಬ ಮಾತಿಗೆ ಸುಂದ್ರವ್ವ ಬೆಚ್ಚಿದಳು. ಹೌದೆಂದರೆ ನಾಳೆಯೇ ಎಬ್ಬಿಸುತ್ತಾರೆ ಎನಿಸಿತು.

"ಕೋಯಿ ನಹೀ ಸಾಬ್," ಎಂದಳು, ತಲೆಯ ಸೆರಗು ಸರಿಮಾಡಿಕೊಳ್ಳುತ್ತ. "ಕಿಸೀಕೋ ಬೈಠನೇ ನಹೀ ದೇತೇ."

ಯಾರನ್ನೂ ಕೂರಗೊಡುವುದಿಲ್ಲ ಎಂಬ ಆ ಉತ್ತರ ಕೇಳಿ ಅವರು ಬರೆದುಕೊಂಡರು, ಚಹಾ ಕುಡಿದರು, ರಂಗೋಲಿಯನ್ನು ಹೊಗಳಿ ಹೋದರು. ಹೆಂಗಸರಿಗೆ ಬಹಳ ಸಂತೋಷವಾಯಿತು. ನಂಜುಂಡನಿಗೂ ಆಯಿತು.

ನಗರದ ಯೋಜನೆ ಎಂದರೆ ನಿಧಾನದ ಕೆಲಸ. ಸರ್ವೆಯ ಹಾಳೆಗಳನ್ನು ಕೂಡಿಸಬೇಕು, ಜನಸಂಖ್ಯೆಯ ಅಂದಾಜು ಹಾಕಬೇಕು, ಪ್ರತಿ ವಾರ್ಡಿಗೂ ಏನು ಕಡಿಮೆಯಿದೆ ಎಂದು ನೋಡಬೇಕು, ಅದಕ್ಕೆ ಜಾಗ ಹುಡುಕಬೇಕು. ಎರಡು ವರ್ಷ ಕಳೆದ ಮೇಲೆ ಒಂದು ದಿನ ನಂಜುಂಡನ ಮೇಜಿಗೆ ಶಾಯಿಯಲ್ಲಿ ತಿದ್ದಲು ಬಂದ ಹಾಳೆ ಅವನದೇ ಪ್ರದೇಶದ್ದು. ನಾಲೆಯ ತಿರುವು, ಕ್ವಾರ್ಟರ್ಸಿನ ಸಾಲು, ತನ್ನ ಬಿಲ್ಡಿಂಗು, ಎಲ್ಲವನ್ನೂ ಗುರುತಿಸಿ ಖುಷಿಪಟ್ಟ. ಆಮೇಲೆ ಮೈದಾನ ಕಂಡಿತು. ಖಾಲಿ ಜಾಗ ಎಂದು ಗುರುತಾಗಿದ್ದ ಅದರ ಮೇಲೆ ಲಾರಿ ನಿಲ್ದಾಣಕ್ಕೆ ಕಾಯ್ದಿರಿಸಿದೆ ಎಂದು ಬರೆದಿತ್ತು.

ಹಾಗೆ ಬರೆದವರಿಗೆ ಕಾರಣವಿತ್ತು. ಬಂದರಿನಿಂದ ಬರುವ ಲಾರಿಗಳು ರಸ್ತೆಯ ಎರಡೂ ಕಡೆ ನಿಂತು ದಾರಿ ಕಟ್ಟುತ್ತಿದ್ದವು. ಅವಕ್ಕೊಂದು ಜಾಗ ಬೇಕೇ ಬೇಕಿತ್ತು. ಸರ್ವೆಯ ಪ್ರಕಾರ ಯಾರೂ ಉಪಯೋಗಿಸದ ನೆಲ ಇಲ್ಲಿತ್ತು. ಕರಡು ಪ್ರಕಟವಾಗುವವರೆಗೆ ಅದರ ಬಗ್ಗೆ ಹೊರಗೆ ಬಾಯಿ ಬಿಡುವಂತಿರಲಿಲ್ಲ. ಆ ತಿಂಗಳುಗಳಲ್ಲಿ ನಂಜುಂಡ ಮೈದಾನದ ದಾರಿ ಬಿಟ್ಟು ಸುತ್ತಿ ಬಳಸಿ ಸ್ಟೇಷನ್ನಿಗೆ ಹೋಗುತ್ತಿದ್ದ. ಪ್ರಕಟವಾದ ದಿನ ಸಂಜೆ ನೇರವಾಗಿ ಆಲದ ಮರಕ್ಕೆ ಬಂದು ನಿಂತು ಎಲ್ಲವನ್ನೂ ಹೇಳಿದ.

ಮೊದಲು ಮಾತಾಡಿದವಳು ಇಂದ್ರಾಬಾಯಿ.

"ಬೀಗರು ಬರ್ತಾರಂತ ಸಾರಿಸಿ ಇಟ್ಟಿವಿ. ಲಾರಿ ಬೀಗರಾಗಿ ಬಂದ್ವು ನೋಡು! ಸುಂದ್ರವ್ವ, ನಿನ್ನ ಕಸಬರಗಿ ಕೈ ಭಾಳ ಚಲೋ ಐತಿ ಬಿಡು. ಕಸದ ಕೂಡ ನಮ್ಮನ್ನೂ ಗುಡಿಸಿ ಒಗದಿ."

ಸುಂದ್ರವ್ವ ತಿರುಗಿ ಬೈಯಲಿಲ್ಲ. ಈ ನೆರಳು ಹೋದರೆ ಕೂಸುಗಳು ಮತ್ತೆ ಮರಳಿನ ಗುಡ್ಡೆಗೆ, ಹಗ್ಗಕ್ಕೆ. ತಾನು ಮತ್ತೆ ಜೋಪಡಿಯ ಬಾಗಿಲಿಗೆ. ಅವಳು ಅದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಂಜುಂಡಣ್ಣಾ, ಅದನ್ನ ಅಳಸಾಕ ಬರ್ತೈತೇನ್ರಿ?"

"ಬರುತ್ತೆ. ಇದು ಕರಡು. ಜನ ನೋಡ್ಲಿ, ತಪ್ಪಿದ್ರೆ ಹೇಳ್ಲಿ ಅಂತಾನೇ ಪ್ರಕಟ ಮಾಡೋದು. ಯಾರು ಬೇಕಾದ್ರೂ ಅರ್ಜಿ ಕೊಡಬಹುದು, ಕೊಟ್ರೆ ಕರೆದು ಕೇಳ್ತಾರೆ."

"ಜೋಪಡಿಯವರನ್ನೂ?"

"ಯಾರು ಬೇಕಾದ್ರೂ ಅಂದ್ರೆ ಯಾರು ಬೇಕಾದ್ರೂ, ಕಣಮ್ಮ."

ಅರ್ಜಿ ಹೋಯಿತು. ಕೆಲವು ತಿಂಗಳ ನಂತರ ಕರೆಯೂ ಬಂತು. ಸುಂದ್ರವ್ವ ಮತ್ತು ಇಂದ್ರಾಬಾಯಿ ಲೋಕಲ್ ರೈಲು ಹತ್ತಿ ವಿ.ಟಿ. ಸ್ಟೇಷನ್ ಹತ್ತಿರದ ದೊಡ್ಡ ಕಚೇರಿಗೆ ಹೋದರು. ತೀರಾ ಚಿಕ್ಕ ಎರಡು ಕೂಸುಗಳನ್ನು ಬಿಟ್ಟು ಹೋಗಲಾಗದೆ ಒಬ್ಬೊಬ್ಬರು ಒಂದೊಂದನ್ನು ಕಂಕುಳಲ್ಲಿಟ್ಟುಕೊಂಡರು. ಉಳಿದವನ್ನು ಅವತ್ತು ಕೆಲಸ ಬಿಟ್ಟು ಭೀಮರಾಯ ನೋಡಿಕೊಂಡ.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ಅಧಿಕಾರಿಗಳು ಕೂತಿದ್ದರು. ನಡುವಿನವನು ಹಾಳೆ ತಿರುವಿ ಕೇಳಿದ. ಅವನೂ ಸುಂದ್ರವ್ವನೂ ಆಡಿದ್ದು ಹಿಂದಿಯಲ್ಲಿ. ಅದನ್ನು ಕನ್ನಡಕ್ಕೆ ತಂದರೆ ಮಾತು ಹೀಗೆ ನಡೆಯಿತು.

"ಸರ್ವೆಯವರು ಬಂದಾಗ ಇಲ್ಲಿ ಯಾರೂ ಕೂರಲ್ಲ ಅಂತ ಹೇಳಿದ್ದಾರಲ್ಲ?"

"ನಾನೇ ಹೇಳಿದ್ದು ಸಾಹೇಬ್ರ."

"ಈಗ ಇಷ್ಟೊಂದು ಮಕ್ಕಳು ಇರ್ತಾರೆ ಅಂತೀರಿ. ಎರಡರಲ್ಲಿ ಯಾವುದು ಸುಳ್ಳು?"

"ಮೊದಲನೇದು."

ಪಕ್ಕದವನು ನಕ್ಕ. ನಡುವಿನವನು ನಗಲಿಲ್ಲ. "ಯಾಕೆ ಸುಳ್ಳು ಹೇಳಿದ್ರಿ?"

"ನೀವು ಬೀಗರ ಮನಿಗೆ ಹೋಗೂಮುಂದ ಅವರು ಹಾಸಿಗಿ ಹರವಿಕೊಂಡು ಇರ್ತಾರೇನ್ರಿ? ಎಲ್ಲಾ ಎತ್ತಿ ಒಳಗಿಡ್ತಾರ. ನಾವೂ ಹಂಗ ಇಟ್ಟಿವಿ. ಮ್ಯಾಲ ಧಂದೆ ಅಂತ ಕೇಳಿದ್ರಿ. ಅಂಜಿಕಿ ಬಂತು."

ಅಷ್ಟರಲ್ಲಿ ಇಂದ್ರಾಬಾಯಿಯ ಕಂಕುಳಲ್ಲಿದ್ದ ಕೂಸು ಅಳಲು ಶುರುಮಾಡಿತು. ಸುಂದ್ರವ್ವ ಅದನ್ನು ಎತ್ತಿಕೊಂಡು ಬೆನ್ನು ತಟ್ಟುತ್ತಲೇ ಉಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟಳು. ಕೊನೆಗೆ ಅಧಿಕಾರಿ, ಒಬ್ಬರನ್ನು ಜಾಗ ನೋಡಲು ಕಳಿಸುತ್ತೇವೆ, ಯಾವ ದಿನವೆಂದು ಹೇಳುವುದಿಲ್ಲ ಎಂದ.

ಸಂಜೆ ಮರದ ಕೆಳಗೆ ಭೀಮರಾಯ ಕೂದಲು ಕೆದರಿಕೊಂಡು ಕೂತಿದ್ದ. ಹೆಗಲ ಮೇಲೊಂದು, ತೊಡೆಯ ಮೇಲೊಂದು ಮಗು.

"ಏನಾತು ಅಂತ ಆಮ್ಯಾಲ ಹೇಳು. ಮೊದಲ ಇವನ್ನ ಹಿಡಿ. ಗಾರಿ ಹೊರೂದು ಇದಕ್ಕಿಂತ ಹಗುರ ಐತಿ ಮಾರಾಯ್ತಿ."

ಆಮೇಲೆ ಹೆಂಗಸರೆಲ್ಲ ನಂಜುಂಡನ ಬೆನ್ನು ಬಿದ್ದರು. ಯಾವತ್ತು ಬರುತ್ತಾರೆ, ಸ್ವಲ್ಪ ಕಿವಿಯಲ್ಲಿ ಹೇಳು ಎಂದು. ಅವನಿಗೂ ಗೊತ್ತಿರಲಿಲ್ಲ.

"ಗೊತ್ತಿದ್ರೂ ಹೇಳಲ್ಲ," ಎಂದ. "ಹೇಳಿದ್ರೆ ಮತ್ತೆ ಸಾರಿಸಿಬಿಡ್ತೀರಿ."

"ಇದೊಳ್ಳೆ ಕತಿ," ಎಂದಳು ಇಂದ್ರಾಬಾಯಿ. "ಅವತ್ತು ಕೇಳಲಾರದ ಹೇಳಿದಿ. ಇವತ್ತು ಕೇಳಿದ್ರ ಹೇಳಂಗಿಲ್ಲ ಅಂತಿ."

ಭೀಮರಾಯನ ಜೊತೆ ಕೆಲಸ ಮಾಡುವ ಖಂಡಪ್ಪ ಬೇರೊಂದು ಉಪಾಯ ತಂದ. ಧಾರಾವಿಯಿಂದ ಇನ್ನಷ್ಟು ಹುಡುಗರನ್ನು ದಿನವೂ ಕರೆತರುವುದು, ಮರಕ್ಕೆ ಶಾಲೆಯೆಂದು ಬೋರ್ಡು ಹಾಕುವುದು. ಭೀಮರಾಯನಿಗೆ ಅದು ಹಿಡಿಸಿತು. ಸುಂದ್ರವ್ವ ಒಪ್ಪಲಿಲ್ಲ.

"ಹೋದ ಸಲ ಇದ್ದದ್ದು ಮುಚ್ಚಿ ಕೆಟ್ವಿ. ಈ ಸಲ ಇಲ್ಲದ್ದು ತೋರ್ಸಿ ಕೆಡೂದು ಬ್ಯಾಡ. ಅವರು ಯಾವಾಗರ ಬರ್ಲಿ, ಹೆಂಗೈತಿ ಹಂಗ ನೋಡ್ಲಿ."

ಅವರು ಬಂದದ್ದು ಅಮಾವಾಸ್ಯೆಯ ದಿನ.

ಉತ್ತರ ಕರ್ನಾಟಕದ ಹೊಲಗಳಲ್ಲಿ ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮುಂಬಯಿಯಲ್ಲಿ ಇವರಿಗೆ ಎತ್ತೂ ಇರಲಿಲ್ಲ, ಹೊಲವೂ ಇರಲಿಲ್ಲ. ಆದರೂ ಆ ದಿನ ಇವರಲ್ಲಿ ಯಾರೂ ನಾಕಾಕ್ಕೆ ಹೋಗಿ ಕೆಲಸಕ್ಕೆ ನಿಲ್ಲುತ್ತಿರಲಿಲ್ಲ. ತಲೆಗೆ ಎರೆದುಕೊಂಡು, ಹೋಳಿಗೆಯೋ ಕಡುಬೋ ಮಾಡಿ ಉಂಡು ಮಲಗುತ್ತಿದ್ದರು. ತಾಯಂದಿರು ಮನೆಯಲ್ಲೇ ಇರುವುದರಿಂದ ಮಕ್ಕಳೂ ಮನೆಯಲ್ಲಿ. ಸುಂದ್ರವ್ವನಿಗೆ ತಿಂಗಳಲ್ಲಿ ಅದೊಂದೇ ಬಿಡುವು. ಜೋಲಿಗಳನ್ನೆಲ್ಲ ಬಿಚ್ಚಿ ಒಗೆದು ಜೋಪಡಿಗಳ ಹಿಂದೆ ಹರವುವ ದಿನ ಅದು.

ಹಾಗಾಗಿ ಕೊಡೆ ಹಿಡಿದ ಅಧಿಕಾರಿಯೊಬ್ಬ ಮೈದಾನಕ್ಕೆ ಬಂದು ನಿಂತಾಗ ಅಲ್ಲಿ ಒಂದು ಮಗುವೂ ಇರಲಿಲ್ಲ. ಮರ ಬರಿದಾಗಿತ್ತು. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ ಸುಂದ್ರವ್ವ ಅವನ ಕೈಯಲ್ಲಿದ್ದ ನಕಾಶೆ ನೋಡಿ ಅವನಾರೆಂದು ಅರಿತಳು. ಇವನೂ ಮಾತಾಡಿದ್ದು ಹಿಂದಿಯಲ್ಲೇ.

"ಇವತ್ತೂ ಖಾಲಿಯೇ ಇದೆಯಲ್ಲ ಬಾಯಿ?"

"ಇವತ್ತು ಅಮಾಸಿ ಸಾಹೇಬ್ರ, ಕೆಲಸಕ್ಕ ರಜಾ. ನಾಳೆ ಬರ್ರಿ, ತುಂಬಿರ್ತೈತಿ."

"ನಾಳೆ ನನಗೆ ಬೇರೆ ವಾರ್ಡ್ ಇದೆ." ಅವನು ಗಡಿಯಾರ ನೋಡಿಕೊಂಡ.

"ಚಾ ಆದ್ರೂ ಕುಡುದು ಹೋಗ್ರಿ."

ಸಾಕಷ್ಟು ಬಿಸಿಲಿತ್ತು. ಅವನು ಮರದ ಕೆಳಗೆ ಕೂತ. ಸುಂದ್ರವ್ವ ಒಲೆ ಹಚ್ಚಿದಳು. ಮಲಗಿದ್ದ ಭೀಮರಾಯ ಎದ್ದು ಬಂದು ವಿಷಯ ತಿಳಿದು ಅವಳ ಕಿವಿಯ ಹತ್ತಿರ ಬಗ್ಗಿದ.

"ಓಡಿ ಹೋಗಿ ಹುಡುಗರನ್ನ ಎಬ್ಬಿಸ್ಕೊಂಡು ಬರ್ಲೇನು?"

ಅವಳ ಬಾಯಿಗೆ 'ಹೂಂ' ಬಂದಿತ್ತು. ನುಂಗಿಕೊಂಡಳು.

"ಬ್ಯಾಡ. ನಾಟಕ ಅಂತಾರ. ನೀ ಹಾಲು ತಗೊಂಡು ಬಾ ಹೋಗು."

ಹಾಲು ಬಂತು. ಚಹಾ ಇನ್ನೂ ಕುದಿ ಹತ್ತಿರಲಿಲ್ಲ. ಅಂಗಿಯೊಂದನ್ನೇ ತೊಟ್ಟ ಒಂದು ಗಂಡುಮಗು, ಕೈಯಲ್ಲಿ ಅರ್ಧ ಹೋಳಿಗೆ ಹಿಡಿದು, ಜೋಪಡಿಗಳ ಸಂದಿಯಿಂದ ಹೊರಬಂತು. ಯಾರನ್ನೂ ನೋಡದೆ ನಡೆದು ಬಂದು ಮರದ ಬೇರಿನ ಮೇಲೆ ತನ್ನ ದಿನದ ಜಾಗದಲ್ಲಿ ಕೂತು ತಿನ್ನತೊಡಗಿತು. ಅದರ ಹಿಂದೆ ಇನ್ನೊಂದು. ಆಮೇಲೆ ಇಂದ್ರಾಬಾಯಿಯ ಕೊನೆಯ ಮಗಳು ಓಡಿ ಬಂದು ಸುಂದ್ರವ್ವನ ಸೆರಗಿನೊಳಗೆ ಮುಖ ಹುದುಗಿಸಿದಳು. ಬೆನ್ನಿಗೇ ಕೈಯಲ್ಲಿ ಬಾಚಣಿಗೆ ಹಿಡಿದ ಇಂದ್ರಾಬಾಯಿ. ಅಧಿಕಾರಿ ಕೂತದ್ದು ಅವಳಿಗೆ ಕಾಣಲೇ ಇಲ್ಲ.

"ಏ ಪೋರಿ, ಬಾ ಇಲ್ಲಿ! ತಿಂಗಳಿಗೊಂದಿನ ಮನ್ಯಾಗ ಇರ್ತೀನಿ, ಆ ಒಂದಿನಾನೂ ನನ್ನ ಹಂತೇಕ ನಿಲ್ಲವಲ್ಲಿ. ನಾ ಹಡದೀನೋ, ಈ ಸುಂದ್ರಿ ಹಡದಾಳೋ?"

ಮಗು ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿಯಿತು. ಅಷ್ಟರಲ್ಲಿ ಚಿಕ್ಕ ವಯಸ್ಸಿನ ತಾಯಿಯೊಬ್ಬಳು ಅಳುವ ಕೂಸನ್ನು ಭುಜಕ್ಕೆ ಹಾಕಿಕೊಂಡು ಬಂದಳು.

"ಅವ್ವಾ, ಮನ್ಯಾಗ ಎಷ್ಟು ತೂಗಿದ್ರೂ ಮಲಗವಲ್ದು. ಜೋಲಿ ಕಟ್ಟಿ ಎರಡು ಸಲ ತೂಗು, ನಿನಗ ಪುಣ್ಯ ಬರ್ತೈತಿ."

ಭೀಮರಾಯ ಜೋಪಡಿಗಳ ಹಿಂದಿನಿಂದ ಇನ್ನೂ ಹಸಿಯಿದ್ದ ಒಂದು ಸೀರೆ ತಂದು ಕೊಂಬೆಗೆ ಎಸೆದ. ಅಧಿಕಾರಿ ತಲೆಯೆತ್ತಿ ನೋಡಿದ. ಸೀರೆ ಬಿದ್ದ ಕಡೆ ತೊಗಟೆ ಸವೆದು ನುಣುಪಾಗಿತ್ತು. ಪಕ್ಕದಲ್ಲಿ ಅಂಥದೇ ಇನ್ನೊಂದು ಗುರುತು, ಆಚೆ ಇನ್ನಷ್ಟು. ಕೂಸು ಜೋಲಿಗೆ ಬಿದ್ದು ಎರಡು ಸಲ ತೂಗುವಷ್ಟರಲ್ಲಿ ಸುಮ್ಮನಾಯಿತು.

ಅವನು ಚಹಾ ಕುಡಿಯುತ್ತ ಕೆಲವು ಪ್ರಶ್ನೆ ಕೇಳಿದ. ಮಳೆಗಾಲದಲ್ಲಿ ಏನು ಮಾಡುತ್ತೀರಿ? ತಗಡಿನ ಚಪ್ಪರ ಹಾಕುತ್ತೇವೆ. ಈ ಜಾಗ ಇಲ್ಲದಿದ್ದರೆ ತಾಯಂದಿರು ಎಲ್ಲಿ ಬಿಡುತ್ತಾರೆ? ಇದಕ್ಕೆ ಇಂದ್ರಾಬಾಯಿ ಹಗ್ಗದ ಕಥೆ ಹೇಳಿದಳು.

"ನಾನು ನೋಡಿದ್ದನ್ನ ಬರೀತೀನಿ," ಎಂದು ಅವನು ಎದ್ದ. "ತೀರ್ಮಾನ ಮಾಡೋರು ಬೇರೆ."

ತೀರ್ಮಾನ ಹೊರಬರಲು ವರ್ಷಗಳೇ ಹಿಡಿದವು. ಕರಡು, ವಿಚಾರಣೆ ನಡೆಸಿದ ಸಮಿತಿಯಿಂದ ಮಹಾನಗರಪಾಲಿಕೆಗೆ, ಅಲ್ಲಿಂದ ಸರ್ಕಾರಕ್ಕೆ ಹೋಯಿತು. ಸುಂದ್ರವ್ವ ಮೊದಮೊದಲು ವಾರಕ್ಕೊಮ್ಮೆ ಕೇಳುತ್ತಿದ್ದವಳು ಆಮೇಲೆ ಹಬ್ಬಕ್ಕೊಮ್ಮೆ ಕೇಳತೊಡಗಿದಳು. ಜೋಲಿಯಲ್ಲಿ ಮಲಗಿದ್ದವರು ಶಾಲೆಗೆ ಹೋದರು, ಅವರ ಜಾಗಕ್ಕೆ ಬೇರೆಯವರು ಬಂದರು. ತೊಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲಕ್ಕೆ ಒಂದು ಸಂಜೆ ನಂಜುಂಡ ಪೇಡೆಯ ಪೊಟ್ಟಣ ಹಿಡಿದು ಬಂದ. ಕೂದಲು ಅಷ್ಟರಲ್ಲಿ ಅರ್ಧ ಬೆಳ್ಳಗಾಗಿತ್ತು.

"ಮಂಜೂರಾಯ್ತಮ್ಮ. ಲಾರಿ ನಿಲ್ದಾಣ ರೈಲು ಹಳಿ ಆಚೆಗೆ ಹೋಯ್ತು. ಇದು ಆಟದ ಮೈದಾನ. ಈ ಮೂಲೆಗೆ ಬಾಲವಾಡಿ. ಆದ್ರೆ ರೋಡ್ ಅಗಲ ಮಾಡೋಕೆ ಆ ಕಡೆಯಿಂದ ಒಂದು ಪಟ್ಟಿ ತಗೋತಾರೆ."

"ತಗೊಳ್ಲಿ. ಲಾರಿಗೂ ಹೋಗಾಕ ದಾರಿ ಬೇಕಲ್ಲ."

ಭೀಮರಾಯ ಪೇಡೆ ಬಾಯಿಗೆ ಹಾಕಿಕೊಂಡು ಸುತ್ತ ನೋಡಿದ. ಅದೇ ಮರ, ಅದೇ ಗೋಣಿತಾಟು.

"ಬಾಲವಾಡಿ ಎಲ್ಲೈತ್ರಿ ನಂಜುಂಡಣ್ಣಾ? ನನಗ ಕಾಣವಲ್ದು."

"ನಕಾಶೆಲಿದೆ. ದುಡ್ಡು ಬಂದಾಗ ಕಟ್ತಾರೆ. ನಕಾಶೆ ಕಟ್ಟಲ್ಲಪ್ಪ, ಜಾಗ ಕಾಯುತ್ತೆ."

"ಹಂಗಾದ್ರ ಹೋಳಿಗಿ ನಕಾಶಿನೂ ಒಂದು ಬರಕೊಡ್ರಿ, ನಾಳಿ ಉಣ್ತೀನಿ."

ಜಾಗ ಕಾಯುವುದೆಂದರೇನೆಂದು ಭೀಮರಾಯನಿಗೆ ತಿಳಿದದ್ದು ಮುಂದಿನ ಬೇಸಿಗೆಯಲ್ಲಿ. ಪಕ್ಕದ ರಸ್ತೆಯಲ್ಲಿ ಬಿಲ್ಡಿಂಗ್ ಕಟ್ಟಿಸುತ್ತಿದ್ದ ಗುತ್ತಿಗೆದಾರನೊಬ್ಬ ಮೈದಾನದ ನಡುವೆ ಜಲ್ಲಿ ಸುರಿಸಿ ಶೆಡ್ಡು ಹಾಕಲು ಬೊಂಬು ತಂದ. ಸುಂದ್ರವ್ವ ಕುಂಟುತ್ತ ಅವನ ಮುಂದೆ ಹೋಗಿ ನಿಂತಳು. ಇದು ಮಕ್ಕಳ ಜಾಗವೆಂದು ಬರೆದಿದೆ, ವಾರ್ಡ್ ಆಫೀಸಿಗೆ ಹೋಗಿ ನಕಾಶೆ ನೋಡಿ ಬಾ ಎಂದಳು. ಅವನು ನಕ್ಕ. ಆದರೂ ಹೋಗಿ ವಿಚಾರಿಸಿದ. ಮರುದಿನ ಅವನ ಕೆಲಸದವರು ಬಂದು ಜಲ್ಲಿಯನ್ನು ಬುಟ್ಟಿ ಬುಟ್ಟಿಯಾಗಿ ಲಾರಿಗೆ ತುಂಬಿ ಒಯ್ದರು. ಭೀಮರಾಯ ಬೀಡಿ ಸೇದುತ್ತ ಅದು ಮುಗಿಯುವವರೆಗೂ ನಿಂತು ನೋಡಿದ.

"ಖರೇ ಬಿಡು," ಎಂದ ಹೆಂಡತಿಗೆ. "ಆ ಕಾಗದ ನನಗಿಂತ ಚಲೋ ಕಾವಲು ಕಾಯ್ತೈತಿ."

"ನಿನಗಿಂತ ಚಲೋ ಯಾವುದು ಕಾಯಂಗಿಲ್ಲ?" ಎಂದಳು ಸುಂದ್ರವ್ವ.

ಅಷ್ಟರಲ್ಲಿ ಕೆಲಸಕ್ಕೆ ಹೊರಟ ತಾಯಿಯೊಬ್ಬಳು ಲೋಕಲ್ ತಪ್ಪುತ್ತದೆಂದು ಓಡಿ ಬಂದು, ನಿಲ್ಲದೆಯೇ ಕೂಸನ್ನು ಅವಳ ಕೈಗೆ ಕೊಟ್ಟು ಸ್ಟೇಷನ್ ಕಡೆ ಹೋದಳು. ಸುಂದ್ರವ್ವ ಕೂಸಿನ ಮೂಗು ಒರೆಸಿ, ಅದು ಉಂಡಿದೆಯೋ ಇಲ್ಲವೋ ಎಂದು ಹೊಟ್ಟೆ ಮುಟ್ಟಿ ನೋಡಿ, ಗಂಜಿ ಕಾಯಿಸಲು ಕೂತಳು.